ಚಿತ್ರ ಬೇಕು, ಸದ್ದು ಬೇಡ

ವಿಶ್ವವಿದ್ಯಾಲಯದ ಟೀವಿ ಸ್ಟೇಷನ್ನಿಗೆ ಬೀಗ ಹಾಕುವ ತಿಂಗಳು, ಅದರ ಚರಿತ್ರೆ ಬರೆದಿಡಲಿಕ್ಕೆಂದು ಮೇಲಿನ ಕಚೇರಿಯಿಂದ ಒಬ್ಬ ಗುಮಾಸ್ತ ಬಂದ. ಬದುಕಿದ್ದಾಗ ತಿರುಗಿ ನೋಡದವರು ಸಾಯುವಾಗ ಹುಟ್ಟಿದ ದಿನ ಕೇಳಲು ಬಂದರಲ್ಲ ಎಂದು ನನಗೆ ಸಿಟ್ಟು ಬಂತು. ಆದರೂ ಹೇಳಿದೆ. ಮೊದಲ ಕ್ಯಾಮೆರಾ ಯಾವಾಗ ಬಂತು, ತಾರಸಿಯ ಮೇಲೆ ಆ್ಯಂಟೆನಾ ಯಾವಾಗ ಎದ್ದಿತು, ಹುಡುಗಿಯರ ವಿಭಾಗಕ್ಕೆ ಕೇಬಲ್ ಎಳೆದದ್ದು ಯಾವ ವರ್ಷ, ಎಲ್ಲವನ್ನೂ ಕೇಳಿ ಬರೆದುಕೊಂಡ. ದಿನಾ ಬೆಳಿಗ್ಗೆ ಪ್ರೊಫೆಸರ್ ಬರುವ ಮೊದಲು ಸ್ಟುಡಿಯೋದ ಕುರ್ಚಿಯಲ್ಲಿ ಯಾರು ಕೂರುತ್ತಿದ್ದರು ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವನ ಪುಸ್ತಕದಲ್ಲಿ ಇಲ್ಲದ ಆ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ತಪ್ಪೂ ಅದರಲ್ಲೇ ಉಂಟು.

ನಾನು ಮಂಗಳೂರಿನ ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಕಲಿತವನು. ಎಂಬತ್ತರ ದಶಕದ ಆರಂಭದಲ್ಲಿ ಸೌದಿಯ ದಮ್ಮಾಮಿಗೆ ಬಂದೆ. ಆಳುಗಳನ್ನು ಒದಗಿಸುವ ಒಂದು ಕಂಪೆನಿ ನನ್ನನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿತು. ಸ್ಟೇಷನ್ ಎಂದರೆ ಆಗ ಲೈಬ್ರರಿಯ ನೆಲಮಾಳಿಗೆಯ ಎರಡು ಕೋಣೆಗಳು. ಒಂದರಲ್ಲಿ ಎರಡು ಕ್ಯಾಮೆರಾ, ಒಂದು ಮೇಜು, ಒಂದು ಕುರ್ಚಿ. ಗಾಜಿನ ಈಚೆಯ ಕೋಣೆಯಲ್ಲಿ ಸದ್ದಿನ ಮಿಕ್ಸರು, ರೆಕಾರ್ಡ್ ಮಾಡುವ ಮೆಷಿನ್ನು ಮತ್ತು ನಾನು. ಮೆಷಿನ್ನಿಗೆ ತಂಪು ಬೇಕೆಂದು ಎಸಿಯನ್ನು ಎಷ್ಟು ಜೋರಾಗಿ ಬಿಡುತ್ತಿದ್ದರೆಂದರೆ, ಮೊದಲ ವರ್ಷವೇ ನನಗೆ ಒಂದು ಒಣ ಕೆಮ್ಮು ಅಂಟಿಕೊಂಡಿತು. ಎರಡು ಮಾತಿಗೊಮ್ಮೆ ಕೆಮ್ಮುವುದು ನನಗೆ ಇವತ್ತಿಗೂ ಬಿಟ್ಟಿಲ್ಲ.

ಬೆಳಿಗ್ಗೆ ಪಾಠಗಳನ್ನು ರೆಕಾರ್ಡ್ ಮಾಡುವುದು, ಸಂಜೆ ಕೆಲವು ಗಂಟೆ ಸುತ್ತಲಿನ ಬಡಾವಣೆಗಳಿಗೆ ಪ್ರಸಾರ ಮಾಡುವುದು, ಇಷ್ಟು ನಮ್ಮ ಕೆಲಸ. ಮಕ್ಕಳಿಗೆ ಲೆಕ್ಕ, ದೊಡ್ಡವರಿಗೆ ಸಕ್ಕರೆ ಕಾಯಿಲೆ, ತೋಟದವರಿಗೆ ಖರ್ಜೂರದ ಮರದ ಹುಳ. ಬಾಂಗಿನ ಹೊತ್ತಿಗೆ ಪರದೆಯ ಮೇಲೆ ಮಸೀದಿಯ ಚಿತ್ರ. ನಮ್ಮ ರೂಮಿನಲ್ಲಿ ಎಂಟು ಜನ ಊರಿನವರೇ ಇದ್ದೆವು, ಒಬ್ಬರೂ ಅದನ್ನು ನೋಡುತ್ತಿರಲಿಲ್ಲ. "ಎಂತ ಮಾರಾಯ, ನಿನ್ನ ಟೀವಿಯಲ್ಲಿ ಹುಳ ಬಿಟ್ರೆ ಬೇರೆ ಎಂತದೂ ಇಲ್ವಾ?" ಎಂದು, ನಾನು ಚಹಾಕ್ಕೆ ಹೋದಾಗಲೆಲ್ಲ, ಬೀದಿಯ ಭಟ್ಕಳದ ಅಂಗಡಿಯವರು ತಮಾಷೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಒಳಗೊಳಗೆ ಹೆಮ್ಮೆ ಇತ್ತು. ಊರಿನಲ್ಲಿ ಟೀವಿಯನ್ನೇ ಸರಿಯಾಗಿ ನೋಡದವನು ಇಲ್ಲಿ ಟೀವಿ ಮಾಡುತ್ತಿದ್ದೆನಲ್ಲ.

ಕ್ಯಾಮೆರಾ ನೋಡಿಕೊಳ್ಳುತ್ತಿದ್ದವರು ನಮ್ಮ ಕಡೆಯವರೇ, ನನಗಿಂತ ಹತ್ತು ವರ್ಷಕ್ಕೆ ಹಿರಿಯ ಬ್ಯಾರಿ. ನಮ್ಮವರಲ್ಲಿ ಹಿರಿಯರನ್ನು ಕರೆಯುವಂತೆ ನಾನು ಅವರನ್ನು ಕಾಕ ಎನ್ನುತ್ತಿದ್ದೆ. ನನ್ನ ರೂಮಿನಲ್ಲೇ, ನನ್ನ ಮಂಚದ ಕೆಳಗಿನ ಮಂಚದಲ್ಲಿ ಮಲಗುತ್ತಿದ್ದರು. ಮದುವೆಯಾದ ವರ್ಷವೇ ಊರು ಬಿಟ್ಟವರು. ಅವರು ಬಂದು ನಾಲ್ಕು ತಿಂಗಳಿಗೆ ಊರಿನಲ್ಲಿ ಮಗಳು ಹುಟ್ಟಿದಳು. ವೀಸಾ ಕೊಟ್ಟ ಕಫೀಲ್ ದೂರದ ಹಫ್ರ್ ಅಲ್ ಬಾತಿನ್‌ನ ವ್ಯಾಪಾರಿ. ಪಾಸ್‌ಪೋರ್ಟ್ ಅವನ ಪೆಟ್ಟಿಗೆಯಲ್ಲಿ. ರಜೆಗೆ ಹೋಗಲು ಅವನ ಸಹಿ ಬೇಕು. ಪ್ರತಿ ವರ್ಷ ಕೇಳಿದರೂ "ಬುಕ್ರಾ, ಬುಕ್ರಾ" ಎನ್ನುತ್ತಿದ್ದ, ನಾಳೆ ನಾಳೆ ಎಂದು. ಹೀಗೆ ನಾಲ್ಕು ವರ್ಷ ದಾಟಿತು. ಮಗಳನ್ನು ಕಾಕ ಒಂದು ಫೋಟೋದಲ್ಲಿ ಮಾತ್ರ ನೋಡಿದ್ದರು. ಅವಳೂ ಅಷ್ಟೇ, ಅಪ್ಪನನ್ನು ಫೋಟೋದಲ್ಲಿ ನೋಡಿದವಳು.

ಆಗ ಗಲ್ಫಿನಲ್ಲಿದ್ದವರೆಲ್ಲ ಊರಿಗೆ ಕಾಗದದ ಬದಲು ಕ್ಯಾಸೆಟ್ ಕಳಿಸುತ್ತಿದ್ದರು. ಟೇಪ್ ರೆಕಾರ್ಡರಿನ ಎದುರು ಕೂತು ಒಂದು ಮಗ್ಗುಲು ಪೂರ್ತಿ ಮಾತಾಡುವುದು, ಊರಿಗೆ ಹೋಗುವವರ ಕೈಯಲ್ಲಿ ಕೊಡುವುದು. ಹೆಂಡತಿ ಇನ್ನೊಂದು ಮಗ್ಗುಲಲ್ಲಿ ಅತ್ತು, ಜಗಳ ಮಾಡಿ ತಿರುಗಿ ಕಳಿಸುವಳು. ಕಾಕ ಮಾತ್ರ ಒಂದೂ ಕ್ಯಾಸೆಟ್ ಕಳಿಸಿದವರಲ್ಲ. ಉಳಿದ ಏಳು ಜನ ಕಿವಿ ಅಗಲ ಮಾಡಿಕೊಂಡು ಕೂತಿರುವ ರೂಮಿನಲ್ಲಿ ಹೆಂಡತಿಯ ಹತ್ತಿರ ಮಾತಾಡಲು ಅವರಿಗೆ ನಾಚಿಕೆ. ಒಮ್ಮೆ ನಾವೇ ಬಲವಂತ ಮಾಡಿ ರೆಕಾರ್ಡರ್ ಒತ್ತಿಕೊಟ್ಟರೆ, ಸಲಾಮ್ ಹೇಳಿ, "ಇಲ್ಲಿ ಎಲ್ಲ ಕ್ಷೇಮ" ಎಂದು ಸುಮ್ಮನಾದರು. ಉಳಿದವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಕಾಕ ಆ ಕ್ಯಾಸೆಟ್ಟನ್ನು ಕಿತ್ತು ಕಸದ ಡಬ್ಬಕ್ಕೆ ಹಾಕಿದರು.

ಅದೇ ಮನುಷ್ಯ ಸ್ಟುಡಿಯೋದ ಕುರ್ಚಿಯಲ್ಲಿ ಮಾತಾಡುತ್ತಿದ್ದರು. ಪ್ರತಿ ದಿನ ರೆಕಾರ್ಡಿಂಗಿಗೆ ಮೊದಲು ಒಬ್ಬ ಮನುಷ್ಯ ಆ ಕುರ್ಚಿಯಲ್ಲಿ ಕೂರಬೇಕಿತ್ತು. ಲೈಟು ಮುಖಕ್ಕೆ ಹೇಗೆ ಬೀಳುತ್ತದೆ, ಬಣ್ಣ ಸರಿ ಉಂಟೋ ಎಂದು ನೋಡಲಿಕ್ಕೆ. ಸದ್ದು ನೋಡಲು ಅವನು ಏನಾದರೂ ಮಾತಾಡಬೇಕು. ಕಾಕ ಕ್ಯಾಮೆರಾವನ್ನು ಕುರ್ಚಿಯ ಕಡೆಗೆ ತಿರುಗಿಸಿ ನಿಲ್ಲಿಸಿ ತಾವೇ ಹೋಗಿ ಕೂರುವರು. ನಾನು ಗಾಜಿನ ಈಚೆಯಿಂದ ಮೆಷಿನ್ ಓಡಿಸಿ, "ಮಾತಾಡಿ ಕಾಕ, ಎಂತದ್ದಾದ್ರೂ" ಎನ್ನುವೆ. ಮೊದಲ ದಿನಗಳಲ್ಲಿ ಒಂದು, ಎರಡು, ಮೂರು ಎಣಿಸುತ್ತಿದ್ದರು. ಒಂದು ದಿನ ಎಣಿಕೆ ಬಿಟ್ಟು, ಬ್ಯಾರಿ ಮಾತಿನಲ್ಲಿ, ಊರಿನ ಮಗಳ ಹತ್ತಿರ ಮಾತಾಡತೊಡಗಿದರು. ಅಲ್ಲಿದ್ದ ಮಿಸ್ರಿ, ಎಂದರೆ ಈಜಿಪ್ಟಿನ, ಇಂಜಿನಿಯರನಿಗೂ ಸುಡಾನಿನ ಲೈಟಿನವನಿಗೂ ಅದು ಬರೀ ಮೈಕ್ ಟೆಸ್ಟು. ಅರ್ಥವಾಗುತ್ತಿದ್ದದ್ದು ಹೆಡ್‌ಫೋನ್ ಹಾಕಿ ಕೂತ ನನಗೊಬ್ಬನಿಗೆ.

"ಮಗಾ, ಇವತ್ತು ಇಲ್ಲಿ ಭಯಂಕರ ಧೂಳು, ಕಣ್ಣು ಬಿಡ್ಲಿಕ್ಕೆ ಆಗುದಿಲ್ಲ. ನೀನು ಮದ್ರಸದಲ್ಲಿ ಸ್ಲೇಟು ಒಡೆದು ಹಾಕಿದಿಯಂತೆ ಅಲ್ವಾ? ಉಮ್ಮ ಬರೆಸಿದ ಕಾಗದದಲ್ಲಿ ಉಂಟು. ಹೊಡಿಲಿಕ್ಕೆ ಹೇಳುದಿಲ್ಲ, ಹೆದರ್ಬೇಡ."

ಇಷ್ಟೇ, ಒಂದು ನಿಮಿಷ, ಹೆಚ್ಚೆಂದರೆ ಎರಡು. ಮತ್ತೆ ಪ್ರೊಫೆಸರು ಬರುವರು, ಕಾಕ ಎದ್ದು ಕ್ಯಾಮೆರಾದ ಹಿಂದೆ ನಿಲ್ಲುವರು. ಹೀಗೆ ವರ್ಷವಿಡೀ ಒಂದೊಂದು ಪಾಠದ ಟೇಪಿನ ತಲೆಯಲ್ಲಿ ಒಂದೊಂದು ಮಾತು. ಅವರ ದನಿ ದಪ್ಪ, ನಿಧಾನ. ಧೂಳಿನಲ್ಲಿ ಊರಿಗೆ ಊರೇ ಕೆಮ್ಮುವಾಗಲೂ ಅವರು ಕೆಮ್ಮಿದವರಲ್ಲ. ನನ್ನನ್ನು "ಕೆಮ್ಮಿನ ಅಂಗಡಿ" ಎಂದು ಗೇಲಿ ಮಾಡುತ್ತಿದ್ದರು.

ಒಂದು ದಿನ ಊಟದ ಹೊತ್ತಿನಲ್ಲಿ, ನನ್ನ ಮುಖ ನೋಡದೆ ಕೇಳಿದರು. "ಆ ಬೆಳಗ್ಗಿನದ್ದೆಲ್ಲ ಟೇಪಿನಲ್ಲಿ ಉಂಟಲ್ವಾ? ಅಷ್ಟನ್ನು ಮಾತ್ರ ಕತ್ತರಿಸಿ ಒಂದು ವೀಡಿಯೋ ಕ್ಯಾಸೆಟಿಗೆ ಹಾಕ್ಲಿಕ್ಕೆ ಆಗ್ತದಾ ನಿನಗೆ?"

"ಎಂತಕ್ಕೆ ಆಗುದಿಲ್ಲ ಕಾಕ? ಸುಲಭ. ಮಾಡಿ ಕೊಡ್ತೇನೆ."

"ನಾನು ಹೋಗುವ ಮೊದಲು ಅವಳು ನೋಡ್ಲಿ ಅಂತ. ಒಮ್ಮೆಲೇ ಎದುರು ನಿಂತ್ರೆ ಮಗು ಹೆದರ್ತದೆ ಮಾರಾಯ. ಮುಖವೂ ದನಿಯೂ ಸ್ವಲ್ಪ ಅಭ್ಯಾಸ ಆದ್ರೆ ಒಳ್ಳೆದು."

ಅಷ್ಟೇ ಅವರ ಆಸೆ. ಬೇರೆ ಏನನ್ನೂ ಅವರು ನನ್ನ ಹತ್ತಿರ ಕೇಳಿದ್ದಿಲ್ಲ. ಒಂದು ಮಧ್ಯಾಹ್ನ ಕೂತಿದ್ದರೆ ಮುಗಿಯುವ ಕೆಲಸ. ಆದರೆ ನಾನು ನಾಳೆ ಎಂದೆ, ಮುಂದಿನ ವಾರ ಎಂದೆ. ಅವರ ಕಫೀಲ್ ಬುಕ್ರಾ ಎನ್ನುತ್ತಿದ್ದದ್ದಕ್ಕೆ ಬಾಯಿಗೆ ಬಂದಂತೆ ಬೈಯುತ್ತಿದ್ದ ನಾನು ಮಾಡಿದ್ದೂ ಅದನ್ನೇ.

ಬೇಸಿಗೆ ರಜೆಯಲ್ಲಿ ಹೊಸ ಟೇಪುಗಳು ಬರಲಿಲ್ಲ. ಎಣ್ಣೆಯ ಬೆಲೆ ಇಳಿಯುತ್ತಿದ್ದ ಕಾಲ, ಎಲ್ಲದಕ್ಕೂ ಕತ್ತರಿ. ಇಂಜಿನಿಯರ್ ಬಂದು, ಕಳೆದ ವರ್ಷದ ಟೇಪುಗಳನ್ನೆಲ್ಲ ಅಳಿಸಿ ತಿರುಗಿ ಬಳಸುವುದು ಎಂದ. ಟೇಪು ಅಳಿಸಲು ನಮ್ಮಲ್ಲಿ ದೋಸೆ ಕಾವಲಿಯಷ್ಟು ದೊಡ್ಡ ಒಂದು ಮ್ಯಾಗ್ನೆಟ್ ಇತ್ತು. ಟೇಪನ್ನು ಅದರ ಮೇಲಿಟ್ಟು ಎರಡು ಸುತ್ತು ತಿರುಗಿಸಿದರೆ ಮುಗಿಯಿತು, ಒಳಗಿದ್ದ ಚಿತ್ರವೂ ಇಲ್ಲ, ಸದ್ದೂ ಇಲ್ಲ. ನಾನು ಮೂರು ದಿನ ಕೂತು ಅಳಿಸಿದೆ. ಕಾಕನ ಮಾತು ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು. ಬರುವ ತಿಂಗಳಿನಿಂದ ಅವರು ತಿರುಗಿ ದಿನಾ ಕೂರುತ್ತಾರಲ್ಲ, ಹೊಸದರಲ್ಲಿ ತೆಗೆದರಾಯಿತು ಎಂದುಕೊಂಡೆ. ಇದ್ದವರು ಇದ್ದೇ ಇರುತ್ತಾರೆ ಎಂಬ ಧೈರ್ಯ. ನನ್ನ ಬುದ್ಧಿಗೆ ಮಣ್ಣು ಬೀಳಲಿ.

ಆ ರಜೆಯಲ್ಲೇ ಸ್ಟೇಷನ್ನಿನಲ್ಲಿ ಒಂದು ದೊಡ್ಡ ಸಂಗತಿ ನಡೆದಿತ್ತು. ಗುಮಾಸ್ತನ ಚರಿತ್ರೆಯಲ್ಲಿ ಅದಕ್ಕೆ ಒಂದು ಪುಟವೇ ಇತ್ತು. ಹುಡುಗಿಯರು ಓದುವ ಕಟ್ಟಡ ಬೇರೆ, ಅಲ್ಲಿಗೆ ಗಂಡು ಪ್ರೊಫೆಸರುಗಳು ಕಾಲಿಡುವಂತಿಲ್ಲ. ಹಾಗಾಗಿ ನಮ್ಮ ಸ್ಟುಡಿಯೋದಿಂದ ಅಲ್ಲಿಗೆ ಕೇಬಲ್ ಎಳೆದರು. ಇಲ್ಲಿ ಪಾಠ ನಡೆಯುವಾಗಲೇ ಅಲ್ಲಿ ಟೀವಿಯಲ್ಲಿ ಕಾಣುವುದು. ಪ್ರಶ್ನೆ ಇದ್ದರೆ ಅವರು ಫೋನಿನಲ್ಲಿ ಕೇಳುವುದು. ರಜೆ ಮುಗಿದು ಪಾಠ ಶುರುವಾದ ಮೊದಲ ದಿನ ಮೇಲಿನವರೆಲ್ಲ ಬಂದು ಖರ್ಜೂರ ಹಂಚಿದರು.

ಅದೇ ದಿನ ದೂರು ಬಂತು. ಪಾಠಕ್ಕೆ ಮೊದಲು ಯಾರೋ ಗಡ್ಡದವನೊಬ್ಬ ಪರದೆಯ ಮೇಲೆ ಬಂದು ಅರ್ಥವಾಗದ ಭಾಷೆಯಲ್ಲಿ ಏನೋ ಹೇಳುತ್ತಾನೆ, ಹುಡುಗಿಯರು ನಗುತ್ತಾರೆ ಎಂದು ಅಲ್ಲಿಯ ಮೇಲ್ವಿಚಾರಕಿ ಫೋನ್ ಮಾಡಿದಳಂತೆ. ಇಂಜಿನಿಯರ್ ಕೆಟ್ಟವನಲ್ಲ, ಹೆದರಿದವನು. ಅಲ್ಲಿ ಇರಲು ಬೇಕಾದ ಪರವಾನಗಿ, ಅವನ ಇಕಾಮಾ, ಆ ತಿಂಗಳು ರಿನ್ಯೂ ಆಗಬೇಕಿತ್ತು. ನನ್ನ ಕೋಣೆಗೆ ಬಂದು, ನನ್ನ ಕೈಯಿಂದಲೇ ಆ ದಿನದ ಟೇಪಿನ ತಲೆಯನ್ನು ಅಳಿಸಿಸಿದ. "ನಾಳೆಯಿಂದ ಚಿತ್ರ ಬೇಕು, ಲೈಟು ನೋಡಲಿಕ್ಕೆ. ಸದ್ದು ಬೇಡ. ಪ್ರೊಫೆಸರ್ ಬಾಯಿ ತೆರೆಯುವವರೆಗೆ ಸದ್ದು ಹೊರಗೆ ಹೋಗಬಾರದು, ಟೇಪಿಗೂ ಬೇಡ. ಖಲಾಸ್," ಎಂದ.

ಮಿಕ್ಸರಿನಲ್ಲಿ ಒಂದು ಗುಂಡಿ ಒತ್ತಿದರೆ ಮೈಕಿನ ಸದ್ದು ನನ್ನ ಹೆಡ್‌ಫೋನಿಗೆ ಮಾತ್ರ ಬರುತ್ತದೆ, ಬೇರೆಲ್ಲಿಗೂ ಹೋಗುವುದಿಲ್ಲ. ಮಾರನೆಯ ದಿನ ನಾನು ಅದನ್ನು ಒತ್ತಿದೆ. ಕಾಕ ಕುರ್ಚಿಯಲ್ಲಿ ಕೂತು, ಸದ್ದು ಬರುತ್ತಿದೆಯೋ ಎಂದು ದಿನದಂತೆ ಹುಬ್ಬೇರಿಸಿದರು. ನಾನು ಗಾಜಿನ ಈಚೆಯಿಂದ ಹೆಬ್ಬೆರಳು ಎತ್ತಿ ತೋರಿಸಿದೆ. ಅವರು ಮಗಳ ಹತ್ತಿರ ಮಾತಾಡತೊಡಗಿದರು.

ಹೇಳಬಹುದಿತ್ತಲ್ಲ ಎಂದು ಓದುವವರು ಕೇಳಿಯಾರು. ನಾನೂ ಕೇಳಿಕೊಂಡಿದ್ದೇನೆ, ಸಾವಿರ ಸಲ. ಹೇಳಿದ್ದರೆ ಹುಡುಗಿಯರು ನಕ್ಕ ಸಂಗತಿಯನ್ನೂ ಹೇಳಬೇಕಾಗುತ್ತಿತ್ತು, ಆ ನಾಚಿಕೆಯ ಮನುಷ್ಯ ಮತ್ತೆ ಬಾಯಿ ತೆರೆಯುತ್ತಿರಲಿಲ್ಲ. ಹಳೆಯ ಟೇಪುಗಳನ್ನು ನಾನೇ ಅಳಿಸಿದ್ದೂ ಹೊರಗೆ ಬರುತ್ತಿತ್ತು. ಮೊದಲನೆಯದು ನೆಪ, ಎರಡನೆಯದು ನಿಜ. ಎರಡು ತಿಂಗಳು ದಿನಾ ಹೆಬ್ಬೆರಳು ಎತ್ತಿದೆ. ಎರಡು ತಿಂಗಳು ಅವರು ಮಾತಾಡಿದ್ದು ನನ್ನ ಕಿವಿಗೆ ಮಾತ್ರ ಬಿತ್ತು. ಹೇಡಿ ಎಂದರೆ ನಾನು.

ಆಗ ಕಫೀಲ್‌ನಿಂದ ಸುದ್ದಿ ಬಂತು, ಸಹಿ ಮಾಡುತ್ತೇನೆ, ನೀನೇ ಬಂದು ಪಾಸ್‌ಪೋರ್ಟ್ ಒಯ್ಯಿ ಎಂದು. ಕಾಕ ಆ ವಾರ ನೆಲದ ಮೇಲೆ ನಡೆಯಲಿಲ್ಲ. ಸೂಕ್‌ಗೆ, ಅಂದರೆ ಪೇಟೆಗೆ, ಹೋಗಿ, ಮಲಗಿಸಿದರೆ ಕಣ್ಣು ಮುಚ್ಚುವ ಒಂದು ಗೊಂಬೆ ತಂದರು. ರೂಮಿನವರಿಗೆಲ್ಲ ಅದನ್ನು ಮಲಗಿಸಿ, ಎಬ್ಬಿಸಿ ತೋರಿಸಿದರು. ಬುಧವಾರ ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ.

"ಮಗಾ, ನಾನು ಬಂದಾಗ ಉಮ್ಮನ ಹಿಂದೆ ಅಡಗ್ಬೇಡ. ಫೋಟೋದಲ್ಲಿ ಇರುವ ಉಪ್ಪನಿಗೆ ಮೀಸೆ ಮಾತ್ರ. ಈಗ ಗಡ್ಡ ಉಂಟು, ಅರ್ಧ ಬಿಳಿ. ಯಾರೋ ಅಂತ ಬೊಬ್ಬೆ ಹಾಕ್ಬೇಡ, ನಾನೇ. ನೀಲಿ ಅಂಗಿಯ ಗೊಂಬೆ ತಕ್ಕೊಂಡಿದ್ದೇನೆ. ಮೊದಲು ಗೊಂಬೆ ನೋಡು, ಮತ್ತೆ ನನ್ನ ಮುಖ ನೋಡು. ನಿಧಾನ. ಅವಸರ ಎಂತದೂ ಇಲ್ಲ."

ಎದ್ದು ಬಂದು ಗಾಜಿಗೆ ಬೆರಳಿನಿಂದ ಕುಟ್ಟಿ, "ಇದು ಕಡೆಯದ್ದು. ಶನಿವಾರ ಕ್ಯಾಸೆಟ್ ಮಾಡು, ಆಯ್ತಾ? ಊರಿಗೆ ಹೋಗುವವರು ಒಬ್ರು ಇದ್ದಾರೆ, ಅದು ನನಗಿಂತ ಮೊದಲು ಮುಟ್ಲಿ," ಎಂದರು. ನಾನು ತಲೆಯಾಡಿಸಿದೆ.

ಗುರುವಾರ, ಅಲ್ಲಿಯ ವಾರದ ರಜೆ. ಬೆಳಿಗ್ಗೆ ಷೇರ್ ಟ್ಯಾಕ್ಸಿಯಲ್ಲಿ ಹಫ್ರ್‌ಗೆ ಹೋದರು. ಶುಕ್ರವಾರ ಜುಮಾ ನಮಾಜು ಮುಗಿಸಿ ತಿರುಗಿ ಬರುವಾಗ, ಮರಳುಗಾಡಿನ ರಸ್ತೆಯಲ್ಲಿ ಕಾರಿಗೆ ಒಂಟೆ ಅಡ್ಡ ಬಂತು. ಆ ರಸ್ತೆಯಲ್ಲಿ ಅದು ಹೊಸದಲ್ಲ. ಒಂಟೆಯ ಕಾಲಿಗೆ ಕಾರು ಬಡಿದರೆ ಅದರ ಭಾರವೆಲ್ಲ ಗಾಜಿನ ಮೇಲೆ ಬಂದು ಬೀಳುತ್ತದೆ. ಮುಂದಿನ ಸೀಟಿನಲ್ಲಿ ಕೂತಿದ್ದವರು ಕಾಕ. ಪೊಲೀಸರು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಪಾಸ್‌ಪೋರ್ಟ್ ಇತ್ತು. ಊರಿಗೆ ಹೋಗುವ ಠಸ್ಸೆ ಬಿದ್ದಿತ್ತು.

ಕಾಕನ ಮಯ್ಯತ್ತನ್ನು ಅಲ್ಲೇ ದಫನ್ ಮಾಡಲು ಊರಿನಿಂದ ಒಪ್ಪಿಗೆಯ ಕಾಗದ ಬರಬೇಕಿತ್ತು. ಅದು ಬರುವವರೆಗೆ ಹಫ್ರ್‌ನ ಆಸ್ಪತ್ರೆಯ ತಂಪು ಪೆಟ್ಟಿಗೆಯಲ್ಲಿ ಹನ್ನೊಂದು ದಿನ ಇಟ್ಟರು. ಮಣ್ಣು ಮಾಡುವಾಗ ನಾನು, ರೂಮಿನ ಇಬ್ಬರು ಮತ್ತು ದಾರಿಯಲ್ಲಿ ಸಿಕ್ಕ ನಾಲ್ಕು ಜನ ಅಪರಿಚಿತರು. ತಲೆಯ ಕಡೆ ಒಂದು ಕಲ್ಲು ಇಟ್ಟರು, ಹೆಸರಿಲ್ಲ. ಅದರ ಸುತ್ತ ಅಂಥದೇ ಕಲ್ಲುಗಳು. ಈಗ ಹೋದರೆ ಯಾವುದೆಂದು ನನಗೂ ಗೊತ್ತಾಗಲಿಕ್ಕಿಲ್ಲ.

ಶನಿವಾರ ಮಾಡಬೇಕಿದ್ದ ಕೆಲಸವನ್ನು ಒಂದು ತಿಂಗಳು ಕಳೆದು ಮಾಡಿದೆ. ಎರಡು ತಿಂಗಳ ಟೇಪುಗಳನ್ನೂ ಒಂದೊಂದಾಗಿ ಹಾಕಿ ನೋಡಿದೆ. ಎಲ್ಲೋ ಒಂದು ದಿನ ಗುಂಡಿ ಒತ್ತಲು ಮರೆತಿರಬಹುದು ಎಂಬ ಆಸೆ. ಮರೆತಿರಲಿಲ್ಲ. ಬೇರೆ ಎಲ್ಲದರಲ್ಲೂ ಉದಾಸೀನ ಮಾಡುವ ನಾನು ಅದೊಂದರಲ್ಲಿ ದಿನವೂ ಸರಿಯಾಗಿದ್ದೆ. ಕಾಕ ಹುಬ್ಬೇರಿಸುತ್ತಾರೆ, ಮಾತಾಡುತ್ತಾರೆ, ನಗುತ್ತಾರೆ. ಒಂದು ಪಿಸುಮಾತಿಲ್ಲ. ಮೆಷಿನ್ನಿನ ಎದುರು ಕೂತು ಅತ್ತೆ. ಇಂಜಿನಿಯರ್ ಬಾಗಿಲಲ್ಲಿ ನಿಂತು ನೋಡಿದ. ಹೋಗಿ ಒಂದು ಖಾಲಿ ವೀಡಿಯೋ ಕ್ಯಾಸೆಟ್ ತಂದು ಮೇಜಿನ ಮೇಲಿಟ್ಟ. ವಿಮಾನ ನಿಲ್ದಾಣದಲ್ಲಿ ತಡೆಯದಂತೆ ಅದು ಪಾಠದ ಕ್ಯಾಸೆಟ್ ಎಂದು ಕಾಗದ ಬರೆದು ಸಹಿ ಹಾಕಿ ಕೊಟ್ಟ.

ಅವರ ಮನೆ ಸಮುದ್ರದ ಬದಿ. ನಾನು ರಜೆಯಲ್ಲಿ ಹೋದಾಗ ಕಾಕನ ಹೆಂಡತಿ ಜಗಲಿಯಲ್ಲಿ ಬೀಡಿ ಕಟ್ಟುವ ಮೊರ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಗೊಂಬೆಯನ್ನು ಮಗುವಿಗೆ ಕೊಟ್ಟೆ. ಅವಳು ಉಮ್ಮನ ಹಿಂದೆ ಅಡಗಿಕೊಂಡಳು. ಪಕ್ಕದ ಗಲ್ಫಿನವರ ಮನೆಯಲ್ಲಿ ವಿಸಿಆರ್ ಇತ್ತು. ಹೆಂಗಸರು ಬಾಗಿಲಿನ ತೆಳು ಪರದೆಯ ಆಚೆ, ಮಗು ಟೀವಿಯ ಮುಂದೆ, ನಾನು ಟೀವಿಯ ಪಕ್ಕದಲ್ಲಿ ನೆಲದ ಮೇಲೆ. ಕಾಕ ಟೀವಿಯಲ್ಲಿ ಬಂದು ಹುಬ್ಬೇರಿಸಿದರು. ಆಚೆಯಿಂದ ಒಂದು ಉಸಿರು ಕೇಳಿಸಿತು, ಅಷ್ಟೇ.

"ಸದ್ದು ಇಲ್ವಲ್ಲಾ?" ಎಂದು ಮನೆಯವರು ಗುಂಡಿ ತಿರುಗಿಸತೊಡಗಿದರು.

"ಟೇಪಿಗೆ ಧೂಳು ಹೋಗಿ ಹಾಳಾಗಿದೆ," ಎಂದೆ. ಇಷ್ಟು ಸಲೀಸಾಗಿ ಸುಳ್ಳು ಬಂತಲ್ಲ ಎಂದು ನನಗೇ ಅಸಹ್ಯವಾಯಿತು.

ಮಗು ನನ್ನ ಕಡೆ ತಿರುಗಿ, "ಉಪ್ಪ ಎಂತ ಹೇಳುದು?" ಎಂದಳು.

ಹೇಳಿದೆ. ಕಾಕನ ತುಟಿ ಹೇಗೆ ಆಡುತ್ತದೋ ಹಾಗೆ, ಅದೇ ನಿಧಾನದಲ್ಲಿ. ಧೂಳಿನದ್ದು, ಸ್ಲೇಟಿನದ್ದು, ಕಡೆಗೆ ಗೊಂಬೆಯದ್ದು. ಧೂಳಿನದ್ದೂ ಸ್ಲೇಟಿನದ್ದೂ ಹಿಂದಿನ ವರ್ಷದ ಮಾತು. ಇರಲಿ ಎಂದು ಸೇರಿಸಿದೆ, ಎಲ್ಲಿಯೂ ಉಳಿಯದ ಮಾತು ಅದು. ಗೊಂಬೆಯ ಮಾತಿನ ನಡುವೆ ನನಗೆ ಕೆಮ್ಮು ಬಂತು, ಮುಷ್ಟಿಯನ್ನು ಬಾಯಿಗೆ ಹಿಡಿದು ತಡೆಯಲು ನೋಡಿದರೂ ಆಗಲಿಲ್ಲ. "ಇನ್ನೊಮ್ಮೆ," ಎಂದಳು ಮಗು. ಇನ್ನೊಮ್ಮೆ ಹಾಕಿ ಇನ್ನೊಮ್ಮೆ ಹೇಳಿದೆ. ಆ ರಜೆಯಲ್ಲಿ ನಾಲ್ಕಾರು ಸಲ ಕರೆಸಿ ಹೇಳಿಸಿದರು. ಪ್ರತಿ ಸಲವೂ, ನಿಜ ಹೇಳಿಬಿಡಬೇಕು ಎಂದು ಮನೆಯಿಂದ ಹೊರಡುತ್ತಿದ್ದೆ.

ಎರಡು ವರ್ಷ ಕಳೆದು ಸ್ಟೇಷನ್ ಮುಚ್ಚಿತು. ಕ್ಯಾಮೆರಾಗಳಿಗೆ ಬಟ್ಟೆ ಹೊದಿಸಿ ಗೋದಾಮಿಗೆ ಕಳಿಸಿದರು. ಟೇಪುಗಳನ್ನು ಏನು ಮಾಡಿದರೋ ಗೊತ್ತಿಲ್ಲ. ನನಗೆ ಅಭಾ ಎಂಬ ಊರಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೆ ಹೋಗುವ ಮೊದಲು ಊರಿಗೆ ಬಂದೆ, ಆ ಮನೆಗೂ ಹೋದೆ.

ಹುಡುಗಿ ಉದ್ದವಾಗಿದ್ದಳು, ಮುಂದಿನ ಹಲ್ಲು ಬಿದ್ದಿತ್ತು. ಈ ಸಲ ಅಡಗಲಿಲ್ಲ. ನನ್ನನ್ನು ಪಕ್ಕದ ಮನೆಗೆ ಎಳೆದುಕೊಂಡು ಹೋಗಿ ತಾನೇ ಕ್ಯಾಸೆಟ್ ಹಾಕಿದಳು. ಸವೆದು ಸವೆದು ಚಿತ್ರದ ಮೇಲೆ ಗೆರೆಗಳು ಬಂದಿದ್ದವು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು, "ನೀವು ಬೇಡ, ನನಗೆ ಬರ್ತದೆ," ಎಂದು ನಾನು ಕೂತಿದ್ದ ಜಾಗದಲ್ಲೇ, ಟೀವಿಯ ಪಕ್ಕದಲ್ಲಿ ಕೂತಳು. ಕಾಕ ಹುಬ್ಬೇರಿಸಿದರು. ಅವಳು ಶುರು ಮಾಡಿದಳು. ಒಂದು ಮಾತು ತಪ್ಪಲಿಲ್ಲ. ಉಮ್ಮನ ಹಿಂದೆ ಅಡಗ್ಬೇಡ ಎಂದಳು, ಗಡ್ಡ ಅರ್ಧ ಬಿಳಿ ಎಂದಳು. ನೀಲಿ ಅಂಗಿಯ ಗೊಂಬೆ ಎಂಬಲ್ಲಿ ನಿಲ್ಲಿಸಿ, ಮುಷ್ಟಿಯನ್ನು ಬಾಯಿಗೆ ಹಿಡಿದು, ಎರಡು ಸಲ ಒಣ ಕೆಮ್ಮು ಕೆಮ್ಮಿದಳು. ಮತ್ತೆ ಮುಂದುವರಿಸಿದಳು.

ನಮ್ಮ ಹಿಂದೆಯೇ ಬಂದು ಬಾಗಿಲಿನ ಪರದೆಯ ಆಚೆ ಕೂತಿದ್ದ ಅವಳ ಉಮ್ಮ ಕೇಳಿದರು. "ಅವರು ಹೀಗೇ ಕೆಮ್ಮುತ್ತಿದ್ದರಾ? ನನಗೆ ಅವರ ದನಿಯೇ ಮರೆತು ಹೋಗಿದೆ."

"ಹೌದು," ಎಂದೆ.